ಚೀರುವ ಬೆಲ್ಟು ಬೇಡುವುದೇನು?

ಬಂಡಿಯ ಗಾಲಿ ಚೀರಿದರೆ ಕೀಲೆಣ್ಣೆ ಹಾಕಬೇಕೆಂಬುದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ಪಾಠ. ಆದರೆ ಚೀರುವುದೆಲ್ಲವೂ ಎಣ್ಣೆಯನ್ನೇ ಬೇಡುತ್ತದೆಯೆ? ಯಾದಗಿರಿ ಸೀಮೆಯ ಮುದನಾಳದಲ್ಲಿ, ಚಳಿಗಾಲದ ಒಂದು ಮುಂಜಾನೆ, ಈ ಪ್ರಶ್ನೆ ನನಗೆ ಎದುರಾಯಿತು.

ತೊಗರಿಯ ಚೀಲಗಳನ್ನು ಹೇರಿಕೊಂಡ ಪಿಕಪ್ ಗಾಡಿಯೊಂದು ಪೇಟೆಗೆ ಹೊರಡಲು ಅಣಿಯಾಗಿತ್ತು. ಇಂಜಿನ್ ಚಾಲೂ ಆದೊಡನೆ ಅದರ ಮುಂಭಾಗದಿಂದ ಕಿವಿ ಸೀಳುವಂತಹ ಕೀರಲು ದನಿ ಎದ್ದಿತು. ದೀಪ ಹೊತ್ತಿಸಿದಾಗ ಅದು ಇನ್ನಷ್ಟು ಜೋರಾಯಿತು. ಹಿಂದಿನ ತಿಂಗಳಷ್ಟೇ ಹೊಸ ಬೆಲ್ಟು ಹಾಕಿಸಿದ್ದ ಚಾಲಕನಿಗೆ ದಿಕ್ಕು ತೋಚದಾಯಿತು. "ಗಾಲಿ ಚೀರಿದ್ರ ನಾವು ಕೀಲೆಣ್ಣಿ ಹಾಕ್ತಿದ್ವಿ, ಇದಕ್ಕೂ ಒಂದೀಟು ಹಚ್ಚಿ ನೋಡಪಾ" ಎಂದರು ಅವನ ತಂದೆ. ಎಣ್ಣೆಯ ಡಬ್ಬಿಯೂ ಬಂದಿತು. "ತುಸು ತಾಳ್ರಿ" ಎಂದು ನಾನು ಅವರನ್ನು ತಡೆಯಬೇಕಾಯಿತು.

ಈ ಬೆಲ್ಟು ಮಾಡುವ ಕೆಲಸವಾದರೂ ಏನು? ಇಂಜಿನ್ನಿನ ಮುಂದುಗಡೆ ಹಲವು ರಾಟೆಗಳಿರುತ್ತವೆ. ಇಂಜಿನ್ನಿನ ಮುಖ್ಯ ದಂಡದ ರಾಟೆಯಿಂದ ಶಕ್ತಿಯನ್ನು ಪಡೆದು, ವಿದ್ಯುತ್ತನ್ನು ಉತ್ಪಾದಿಸುವ ಆಲ್ಟರ್ನೇಟರನ್ನೂ, ಅನೇಕ ಗಾಡಿಗಳಲ್ಲಿ ಇಂಜಿನ್ನನ್ನು ತಣಿಸುವ ನೀರಿನ ಪಂಪನ್ನೂ ಒಂದೇ ಬೆಲ್ಟು ತಿರುಗಿಸುತ್ತದೆ. ಹಾವಿನಂತೆ ಡೊಂಕುಡೊಂಕಾಗಿ ಸುತ್ತಿ ಬರುವುದರಿಂದ ಇದಕ್ಕೆ ಸರ್ಪೆಂಟೈನ್ ಬೆಲ್ಟ್ ಎಂದು ಹೆಸರು. ಇದು ತುಂಡಾದರೆ ಬ್ಯಾಟರಿ ಬರಿದಾಗುವುದಷ್ಟೇ ಅಲ್ಲ. ನೀರಿನ ಪಂಪೂ ನಿಂತು, ಬೇಸಗೆಯ ಹಾದಿಯಲ್ಲಿ ಇಂಜಿನ್ ಕುದಿದು ಕೆಟ್ಟೀತು.

ಬೆಲ್ಟಿಗೂ ರಾಟೆಗೂ ನಡುವೆ ಹಲ್ಲುಗಳಿಲ್ಲ, ಕೀಲಿಲ್ಲ. ಶಕ್ತಿಯನ್ನು ದಾಟಿಸುವುದು ಘರ್ಷಣೆಯೊಂದೇ. ಕಡಗೋಲನ್ನು ನೆನೆಯಿರಿ: ಅದಕ್ಕೆ ಸುತ್ತಿದ ಹಗ್ಗ ಜಾರದೆ ಹಿಡಿಯುವುದರಿಂದಲೇ ಕೋಲು ತಿರುಗಿ ಮೊಸರು ಕಡೆಯುತ್ತದೆ. ಹಗ್ಗಕ್ಕೆ ಬೆಣ್ಣೆ ಮೆತ್ತಿದರೆ ಕೈ ಆಡುತ್ತದೆ, ಕೋಲು ತಿರುಗದು!

ಈ ಹಿಡಿತದ ಲೆಕ್ಕವನ್ನು ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟಿದ್ದಾನೆ. ಚಪ್ಪಟೆಯಾದ ಪಟ್ಟಿಯೊಂದು ರಾಟೆಯನ್ನು ಅರ್ಧ ಸುತ್ತು ಬಳಸಿದೆ ಎನ್ನೋಣ. ಘರ್ಷಣೆಯ ಗುಣಾಂಕ 0.3 ಇರಲಿ. ಸಡಿಲ ಮಗ್ಗುಲಿನ ಎಳೆತ 100 ಪಾಲು ಆದರೆ, ಬಿಗಿ ಮಗ್ಗುಲಿನದು ಪಟ್ಟಿ ಜಾರುವ ಮುನ್ನ ಸುಮಾರು 257 ಪಾಲಿನವರೆಗೆ ಏರಬಲ್ಲುದು. ಇವೆರಡರ ವ್ಯತ್ಯಾಸವಾದ 157 ಪಾಲು ರಾಟೆಯನ್ನು ತಿರುಗಿಸುವ ಬಲ. ಎಣ್ಣೆ ಬಿದ್ದು ಗುಣಾಂಕ 0.1ಕ್ಕೆ ಇಳಿಯಿತೆನ್ನಿ, ಆಗ ಉಳಿಯುವುದು ಸುಮಾರು 37 ಪಾಲು ಮಾತ್ರ! ಎಣ್ಣೆಯಿಲ್ಲದಿದ್ದರೂ ಬಿಗಿ ಕಡಮೆಯಾಗಿ ಸಡಿಲ ಮಗ್ಗುಲಿನ ಎಳೆತ 50ಕ್ಕೆ ಇಳಿದರೆ, ತಿರುಗಿಸುವ ಬಲವೂ ಅರ್ಧಕ್ಕಿಳಿಯುತ್ತದೆ. ಬೆಲ್ಟಿನ ಒಳಮೈಯ ಏಣುಗಳು ರಾಟೆಯ ಗಾಡಿಗಳಲ್ಲಿ ಬೆಣೆಯಂತೆ ಕೂತು ಹಿಡಿತವನ್ನು ಹೆಚ್ಚಿಸುವುದುಂಟು. ಆದರೂ ತತ್ತ್ವವು ಇದೇ.

ಹಾಗಾದರೆ ಆ ದನಿ ಎಲ್ಲಿಂದ ಬಂತು? ನಿಂತ ಮೈಗಳ ನಡುವಣ ಘರ್ಷಣೆಯು ಜಾರುತ್ತಿರುವ ಮೈಗಳ ಘರ್ಷಣೆಗಿಂತ ಸಾಮಾನ್ಯವಾಗಿ ಹೆಚ್ಚು. ಆದುದರಿಂದ ಸೋತ ಬೆಲ್ಟು ಸರಾಗವಾಗಿ ಜಾರದೆ, ಹಿಡಿದು, ಜಾರಿ, ಮತ್ತೆ ಹಿಡಿದು, ಸೆಕೆಂಡಿಗೆ ನೂರಾರು ಬಾರಿ ತತ್ತರಿಸುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ. ಅಲ್ಲಿ ನಾದ, ಇಲ್ಲಿ ಚೀತ್ಕಾರ. ಇಂಜಿನ್ ಚಾಲೂ ಮಾಡುವಾಗ ಖರ್ಚಾದುದನ್ನು ಬ್ಯಾಟರಿಗೆ ತುಂಬಲು ಆಲ್ಟರ್ನೇಟರ್ ಹೆಚ್ಚು ದುಡಿಯಬೇಕು. 14 ವೋಲ್ಟಿನಲ್ಲಿ 60 ಆಂಪಿಯರ್ ಎಂದರೆ 840 ವ್ಯಾಟ್, ಒಂದು ಅಶ್ವಶಕ್ತಿಗೂ ಮಿಗಿಲು. ದೀಪ ಹೊತ್ತಿಸಿದರೆ ಈ ಹೊರೆ ಇನ್ನೂ ಏರುತ್ತದೆ. ಮುಂಜಾನೆಯಲ್ಲಿ, ದೀಪ ಹೊತ್ತಿಸಿದಾಗ ಬೆಲ್ಟು ಏಕೆ ಚೀರಿತೆಂಬುದು ಈಗ ತಿಳಿಯಿತಲ್ಲವೆ?

ಎಣ್ಣೆ ಹಚ್ಚಿದ್ದರೆ ಸದ್ದೇನೋ ಅಡಗುತ್ತಿತ್ತು. ಆದರೆ ಬೆಲ್ಟು ಸದ್ದಿಲ್ಲದೆ ಜಾರುತ್ತಿತ್ತು. ಅಲ್ಲದೆ ಇಂದಿನ ಬೆಲ್ಟುಗಳನ್ನು ಹೆಚ್ಚಾಗಿ ಮಾಡುವ ಇಪಿಡಿಎಂ ಎಂಬ ರಬ್ಬರು ಖನಿಜ ತೈಲವನ್ನು ಹೀರಿ ಉಬ್ಬಿ ಕೆಡುತ್ತದೆ. ಸದ್ದು ನಿಲ್ಲಲೆಂದು ಸಿಂಪಡಿಸುವ ಅಂಟು ದ್ರವಗಳೂ ಹೊಲದ ಹಾದಿಯ ಧೂಳನ್ನು ಬೆಲ್ಟಿಗೆ ಮೆತ್ತಿಸುತ್ತವೆಯೇ ಹೊರತು ದೋಷವನ್ನು ತಿದ್ದವು.

ದೋಷವನ್ನು ಗುರುತಿಸಲು ಒಂದು ಸುಲಭವಾದ ಪರೀಕ್ಷೆಯುಂಟು. ಟವೆಲಿನ ಸೆರಗು, ಸಡಿಲ ತೋಳು ಯಾವುದೂ ಸಮೀಪಕ್ಕೆ ಹೋಗದಂತೆ ದೂರ ನಿಂತು, ಇಂಜಿನ್ ನಡೆಯುತ್ತಿರುವಾಗ ಬೆಲ್ಟಿನ ಏಣುಳ್ಳ ಮೈಗೆ ಸ್ವಲ್ಪ ನೀರನ್ನು ಸಿಂಪಡಿಸಬೇಕು. ಸದ್ದು ಕ್ಷಣಕಾಲ ಅಡಗಿ ಮತ್ತೆ ಬಂದರೆ, ಯಾವುದೋ ರಾಟೆ ಸಾಲು ತಪ್ಪಿ ಕೂತಿದೆ. ಏಣುಗಳು ಓರೆಯಾಗಿ ಉಜ್ಜುತ್ತಿವೆ. ಇಂತಹ ಸದ್ದು ಹಕ್ಕಿಯ ಚಿಲಿಪಿಲಿಯಂತೆ ಬಿಟ್ಟು ಬಿಟ್ಟು ಬರುವುದುಂಟು. ನೀರು ಬಿದ್ದೊಡನೆ ಸದ್ದು ಹೆಚ್ಚಿದರೆ, ಬಿಗಿ ಸಾಲದು ಎಂದರ್ಥ. ನೀರಿನಿಂದ ಯಾವ ಬದಲಾವಣೆಯೂ ಆಗದೆ ಗುರುಗುಟ್ಟುವ ಸದ್ದೇ ಕೇಳಿಬಂದರೆ, ಇಂಜಿನ್ ನಿಲ್ಲಿಸಿ, ಬೆಲ್ಟನ್ನು ಕಳಚಿ, ಒಂದೊಂದೇ ರಾಟೆಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಗರಗರ ಎನ್ನುವ ರಾಟೆಯ ಬೇರಿಂಗೇ ಅಪರಾಧಿ.

ನಮ್ಮ ಗಾಡಿಯಲ್ಲಿ ನೀರು ಬಿದ್ದೊಡನೆ ಚೀತ್ಕಾರವು ಇಮ್ಮಡಿಸಿತು. ಇಂಜಿನ್ ನಿಲ್ಲಿಸಿ ನೋಡಿದೆವು. ಬೆಲ್ಟು ಹೊಸದೇ ಸರಿ. ಅದನ್ನು ಒತ್ತಿ ಹಿಡಿಯಬೇಕಾದ ಟೆನ್ಷನರಿನ ಸ್ಪ್ರಿಂಗು ಸೋತಿತ್ತು! ಹಳೆಯ ಬೆಲ್ಟು ಚೀರಿದುದಕ್ಕೂ ಅದೇ ಕಾರಣವಿದ್ದೀತು. ಬೆಲ್ಟಿಗೆ ಕೊಟ್ಟ ಹಣ ವ್ಯರ್ಥವಾಗಿತ್ತು. ಪೇಟೆಯ ಮೆಕ್ಯಾನಿಕರು ಅಂದೇ ಟೆನ್ಷನರನ್ನು ಬದಲಿಸಿ, ಬೆಲ್ಟಿನ ಪ್ರತಿಯೊಂದು ಏಣೂ ತನ್ನ ಗಾಡಿಯಲ್ಲಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿದರು. ಇಂಜಿನ್ ಚಾಲೂ ಆಯಿತು, ದೀಪ ಹೊತ್ತಿತು, ಬೆಲ್ಟು ಚೀರಲಿಲ್ಲ.

ಬಂಡಿಯ ಅಚ್ಚಿನಲ್ಲಿ ಘರ್ಷಣೆಯು ಎತ್ತುಗಳ ಬಲವನ್ನು ಕದಿಯುವ ಕಳ್ಳ. ಬೆಲ್ಟಿನಲ್ಲಾದರೋ ಅದೇ ದುಡಿಯುವ ಆಳು. ಇದನ್ನು ಕೇಳಿದ ಹಿರಿಯರು ನಗುತ್ತಾ, "ಹಂಗಾರ ಈ ಎಣ್ಣಿ ಬಂಡಿಗೇ ಇರಲಿ ಬಿಡ್ರಿ, ಸರ" ಎಂದು ಡಬ್ಬಿಯನ್ನು ಮನೆಯೊಳಗಿಟ್ಟರು.