ಬೆಕ್ಕು ಬಿಡಿಸುವ ಲೆಕ್ಕ

ಕನ್ನಡದಲ್ಲಿ ನಾವು ಚಿತ್ರವನ್ನು ‘ಬಿಡಿಸ್ತೀವಿ’. ಲೆಕ್ಕವನ್ನೂ ಬಿಡಿಸ್ತೀವಿ, ಅವರೆಕಾಯಿಯನ್ನೂ ಬಿಡಿಸ್ತೀವಿ, ದಾರದ ಗಂಟನ್ನೂ ಬಿಡಿಸ್ತೀವಿ. ಒಂದೇ ಕ್ರಿಯಾಪದ ಇಷ್ಟು ಕಡೆ ಯಾಕೆ ದುಡಿಯುತ್ತೆ ಅಂತ ನಾವು ಯೋಚಿಸಿರಲಿಲ್ಲ. ಕಾಲೇಜಿನ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಗೆ ಶನಿವಾರ ಬೆಳಗ್ಗೆ ಚಿತ್ರ ಹೇಳಿಕೊಡೋಕೆ ಹೋಗಲು ಶುರು ಮಾಡಿದ ಮೇಲೆ ಸ್ವಲ್ಪ ಸ್ವಲ್ಪವೇ ಅರ್ಥ ಆಯ್ತು. ಅದೂ ಒಂದು ದೊಡ್ಡ ಎಡವಟ್ಟು ಮಾಡಿದ ಮೇಲೆ.

ಮೊದಲ ವಾರ ನಾವು ಮಾಡಿದ್ದು ಯೂಟ್ಯೂಬ್ ವಿಡಿಯೋಗಳಲ್ಲಿ ಮಾಡೋದನ್ನೇ. ಬೋರ್ಡ್ ಮೇಲೆ ಒಂದು ವೃತ್ತ, ಅದರ ತಲೆ ಮೇಲೆ ಎರಡು ತ್ರಿಕೋನ, ಕೆಳಗೊಂದು ದೊಡ್ಡ ವೃತ್ತ, ಈ ಕಡೆ ಮೂರು ಮೀಸೆ, ಆ ಕಡೆ ಮೂರು ಮೀಸೆ, ಒಂದು ಬಾಲ. ಹತ್ತು ನಿಮಿಷದಲ್ಲಿ ಕ್ಲಾಸಿನ ತುಂಬಾ ಬೆಕ್ಕುಗಳು, ಎಲ್ಲವೂ ಒಂದೇ ಅಚ್ಚಿನವು. ನಮಗೆ ಖುಷಿಯೋ ಖುಷಿ. ಫೋಟೋ ಬೇರೆ ತೆಗೆದುಕೊಂಡ್ವಿ. ಎರಡನೇ ಸಾಲಲ್ಲಿ ಕೂತಿದ್ದ ಮೂರನೇ ಕ್ಲಾಸಿನ ಹುಡುಗನೊಬ್ಬ ಮಾತ್ರ ಬೋರ್ಡ್ ಕಡೆ ನೋಡಿರಲಿಲ್ಲ. ಅವನ ಬೆಕ್ಕು ಪಕ್ಕಕ್ಕೆ ನಿಂತಿತ್ತು, ಮುಖ ಮಾತ್ರ ನಮ್ಮ ಕಡೆ. ಹೊಟ್ಟೆಯ ಒಳಗೆ ಮೂರು ಪುಟಾಣಿ ಮರಿಗಳು, ಗಾಜಿನ ಡಬ್ಬಿಯಲ್ಲಿ ಇಟ್ಟ ಹಾಗೆ ಕಾಣ್ತಿದ್ದವು. ನಮ್ಮಲ್ಲೊಬ್ಬರು “ಹೀಗಲ್ಲಪ್ಪ, ಬೋರ್ಡ್ ನೋಡು” ಅಂದ್ರು. ಅವನು ಏನೂ ಮಾತಾಡದೆ ರಬ್ಬರ್ ತಗೊಂಡು ಮೂರೂ ಮರಿಗಳನ್ನು ಅಳಿಸಿಬಿಟ್ಟ.

ಮುಂದಿನ ಶನಿವಾರದಿಂದ ಅದೇ ಹುಡುಗ ಪ್ರತಿ ಗೆರೆಗೂ ತಲೆ ಎತ್ತಿ “ಸರಿ ಇದ್ಯಾ ಅಣ್ಣಾ?” ಅಂತ ಕೇಳೋಕೆ ಶುರು ಮಾಡಿದ. ಬಿಸಿಯೂಟದ ಅಡುಗೆ ಕೋಣೆ ಹಿಂದೆ ಓಡಾಡೋ ಬೂದು ಬೆಕ್ಕು ಆಗ ಗಬ್ಬವಾಗಿತ್ತು ಅನ್ನೋದು ನಮಗೆ ತಿಳಿದದ್ದು ಅಡುಗೆ ಮಾಡುವ ಅಕ್ಕ ಹೇಳಿದ ಮೇಲೆ. ಇಡೀ ಕ್ಲಾಸಲ್ಲಿ ನಿಜವಾದ ಒಂದು ಬೆಕ್ಕನ್ನು ಬಿಡಿಸಿದ್ದು ಅವನೊಬ್ಬನೇ. ಅದನ್ನೇ ನಾವು ಅಳಿಸಿಸಿದ್ವಿ.

ಆಮೇಲೆ ಕೂತು ಓದಿದಾಗ ಗೊತ್ತಾಯ್ತು, ಅವನು ಬಿಡಿಸಿದ್ದು ತಪ್ಪಲ್ಲ, ಆ ವಯಸ್ಸಿನ ಸಹಜ ಕ್ರಮವೇ ಅದು. ಫ್ರಾನ್ಸಿನ ಜಾರ್ಜ್ ಆಂರಿ ಲ್ಯುಕೆ ಎಂಬಾತ 1927ರಲ್ಲಿ ಮಕ್ಕಳ ಚಿತ್ರಗಳ ಬಗ್ಗೆ ಒಂದು ಪುಸ್ತಕ ಬರೆದ. ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ಹೆಚ್ಚಾಗಿ ತಮಗೆ ಗೊತ್ತಿರೋದನ್ನು ಬಿಡಿಸ್ತಾರೆ ಅನ್ನೋದು ಅದರಲ್ಲಿನ ಮುಖ್ಯ ಮಾತು. ಮನೆಯ ಗೋಡೆ ಪಾರದರ್ಶಕವಾಗಿ ಒಳಗಿನ ಜನ ಕಾಣೋದು, ಹೊಟ್ಟೆಯೊಳಗಿನ ಮರಿ ಕಾಣೋದು, ಎಲ್ಲ ಇದೇ ಜಾತಿಯವು. ಯೋಚಿಸಿದರೆ ನಮ್ಮ ಸೆಕ್ಷನಲ್ ವ್ಯೂ ಕೂಡ ಇದೇ ತಾನೇ? ಕತ್ತರಿಸಿ ಒಳಗಿರೋದನ್ನು ತೋರಿಸಿದರೆ ನಮಗೆ ಮಾರ್ಕ್ಸ್ ಕೊಡ್ತಾರೆ.

ಹಾಗಂತ ವೃತ್ತ, ತ್ರಿಕೋನಗಳನ್ನು ಬಿಟ್ಟುಬಿಡೋಣ ಅಂತ ನಮ್ಮ ವಾದ ಅಲ್ಲ. ಕ್ಲಬ್ಬಿನಲ್ಲಿ ಈ ಬಗ್ಗೆ ಜೋರು ಚರ್ಚೆಯೇ ಆಯ್ತು, ಕೆಲವರು “ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ” ಅಂದ್ರು. ಆದರೆ ಆಕಾರಗಳು ನಾವು ಹೊರಗಿಂದ ತಂದು ಹೇರಿದ ವಸ್ತುಗಳಲ್ಲ. ಅಮೆರಿಕದ ರೋಡಾ ಕೆಲಾಗ್ ಮಕ್ಕಳ ಚಿತ್ರಗಳನ್ನು ಲಕ್ಷಗಟ್ಟಲೆ ಕೂಡಿಹಾಕಿ, 1969ರಲ್ಲಿ ಅವುಗಳ ವಿಶ್ಲೇಷಣೆಯನ್ನು ಪುಸ್ತಕವಾಗಿ ತಂದರು. ಯಾರೂ ಹೇಳಿಕೊಡದಿದ್ದರೂ ಮಕ್ಕಳು ಗೀಚ್ತಾ ಗೀಚ್ತಾ ತಾವಾಗಿಯೇ ವೃತ್ತ, ಅಡ್ಡ-ಉದ್ದ ಗೆರೆ, ಚೌಕಗಳಿಗೆ ಬಂದು ಮುಟ್ಟುತ್ತಾರೆ, ಆಮೇಲೆ ಅವನ್ನೇ ಜೋಡಿಸಿ ಮನುಷ್ಯ, ಪ್ರಾಣಿ ಮಾಡ್ತಾರೆ ಅನ್ನೋದು ಅವರು ಕಂಡುಕೊಂಡದ್ದು. ಸುಮಾರು 3 ವರ್ಷಕ್ಕೆ ಮಗು ವೃತ್ತವನ್ನು ನೋಡಿ ಬರೆಯುತ್ತೆ, 4ರ ಮೇಲೆ ಚೌಕ, 5ರ ಹೊತ್ತಿಗೆ ತ್ರಿಕೋನ. ಓರೆ ಗೆರೆ ಕಷ್ಟ, ಅದಕ್ಕೇ ತ್ರಿಕೋನ ತಡ. ಅಂಗನವಾಡಿ ಮಗುವಿನ ಬೆಕ್ಕಿಗೆ ಕಿವಿ ದುಂಡಗಿದ್ದರೆ ಗಾಬರಿ ಬೇಡ.

ನಮ್ಮ ತಪ್ಪು ಇದ್ದದ್ದು ಕ್ರಮದಲ್ಲಿ. ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸ್ ನೆನಪಿಸಿಕೊಳ್ಳಿ. ಮೊದಲು 2 ಎಚ್ ಪೆನ್ಸಿಲಲ್ಲಿ ತೆಳುವಾಗಿ ಕನ್‌ಸ್ಟ್ರಕ್ಷನ್ ಲೈನ್, ಆಮೇಲೆ ಅದರ ಮೇಲೆ ನಿಜವಾದ ಗೆರೆ. ಕನ್‌ಸ್ಟ್ರಕ್ಷನ್ ಲೈನನ್ನೇ ಕಪ್ಪಗೆ ತಿದ್ದಿ ‘ಇದೇ ಮಷೀನ್ ಪಾರ್ಟ್’ ಅಂದರೆ ಯಾರು ಒಪ್ತಾರೆ? ಬೋರ್ಡ್ ಮೇಲೆ ನಾವು ಮಾಡಿದ್ದು ಅದನ್ನೇ. ವೃತ್ತವನ್ನೇ ಬೆಕ್ಕು ಅಂದುಬಿಟ್ವಿ.

ಈಗ ನಾವು ಮಾಡೋ ರೀತಿ ಬೇರೆ. ಮೊದಲು ಹಾಳೆಯ ಒಂದು ಕಡೆ ಅವರವರ ಬೆಕ್ಕು ಬಿಡಿಸೋಕೆ ಹೇಳ್ತೀವಿ. ಅದನ್ನು ಯಾರೂ ಮುಟ್ಟೋ ಹಾಗಿಲ್ಲ, ರಬ್ಬರ್ ನಮ್ಮ ಜೇಬಲ್ಲಿ. ಆಮೇಲೆ ಬೆಕ್ಕನ್ನು ನೋಡೋಕೆ ಹೋಗ್ತೀವಿ, ಅದು ಸಿಗದೇ ಹೋದ ದಿನ ಫೋನಿನಲ್ಲಿರೋ ಅದರ ಫೋಟೋ. ನೋಡುವಾಗ ಪ್ರಶ್ನೆ ಕೇಳ್ತೀವಿ, ಉತ್ತರ ಅವರೇ ಹುಡುಕಬೇಕು. “ಇದು ಯಾವ ಥರ ಕಾಣುತ್ತೆ?” ಅಂದರೆ ಸಾಕು, ವೃತ್ತ-ಅಂಡಾಕಾರ ಎಲ್ಲ ಬಿಟ್ಟು ಅಡುಗೆಮನೆಯೇ ಹೊರಗೆ ಬರುತ್ತೆ. ಸುರುಳಿ ಸುತ್ತಿ ಮಲಗಿದ ಬೆಕ್ಕು ಚಕ್ಕುಲಿ. ಕೂತ ಬೆಕ್ಕನ್ನು ಹಿಂದಿನಿಂದ ನೋಡಿದರೆ ಬಿಂದಿಗೆ ಮೇಲೆ ಚೊಂಬು. ತಲೆ ಅಂದರೆ ತಟ್ಟೆಗೆ ಹಾಕಿ ಸ್ವಲ್ಪ ಒತ್ತಿದ ರಾಗಿಮುದ್ದೆ, ಅಂದರೆ ಎತ್ತರಕ್ಕಿಂತ ಅಗಲ ಒಂಚೂರು ಜಾಸ್ತಿ. ಕಂಪಾಸ್ ಇಟ್ಟು ಬರೆದ ವೃತ್ತಕ್ಕಿಂತ ಮುದ್ದೆಯೇ ಬೆಕ್ಕಿನ ತಲೆಗೆ ಹತ್ತಿರ ಅನ್ನೋದನ್ನು ನಾವು ಮಕ್ಕಳಿಂದ ಕಲಿತ್ವಿ.

ಆಕಾರದ ನಿಜವಾದ ಉಪಯೋಗ ಶುರುವಾಗೋದು ಇಲ್ಲಿಂದ, ಅಳತೆಗೋಲಾಗಿ. ಮುದ್ದೆಯ ಮಧ್ಯದಲ್ಲಿ ತೆಳುವಾಗಿ ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ. ಬಹುಪಾಲು ಮಕ್ಕಳು (ನಾವೂ ಸೇರಿ) ಕಣ್ಣನ್ನು ಹಣೆ ಮೇಲೆ ಇಟ್ಟುಬಿಡ್ತೀವಿ. ನಿಜವಾಗಿ ಅವು ಹೆಚ್ಚುಕಮ್ಮಿ ಆ ಅಡ್ಡ ಗೆರೆ ಮೇಲೇ ಇರ್ತವೆ. ಕಿವಿ ಗಡಿಯಾರದ 10 ಮತ್ತು 2ರ ಹತ್ತಿರ, ಬುಡ ಅಗಲ. ತಟ್ಟೆ ಮೇಲೆ ಸಮೋಸ ಇಟ್ಟ ಹಾಗೆ ನೆಟ್ಟಗೆ ನಿಲ್ಲಲ್ಲ, ಹೊರಗಿನ ಅಂಚು ಕೆನ್ನೆಯ ಗೆರೆಯ ಜೊತೆಗೇ ಇಳಿಯುತ್ತೆ. ಮೂಗು ತಲೆಕೆಳಗಾದ ಪುಟ್ಟ ತ್ರಿಕೋನ. ಮೀಸೆ ಮೂರು ಮೂರು ಅನ್ನೋದು ಕಾರ್ಟೂನಿನ ಲೆಕ್ಕ, ಸಾಮಾನ್ಯವಾಗಿ ಒಂದೊಂದು ಕಡೆ 12ರ ಆಸುಪಾಸು ಕೂದಲು, ಸಾಲಾಗಿ. ಬಾಲ ದಾರ ಅಲ್ಲ, ಹಗ್ಗ. ಅದಕ್ಕೆ ಎರಡು ಗೆರೆ ಬೇಕು.

ಕಣ್ಣಿಗೆ ನಮ್ಮ ಹತ್ತಿರ ಒಂದು ಸ್ವದೇಶಿ ಉಪಾಯ ಇದೆ. ಎರಡು ‘ಠ’. ಕನ್ನಡದ ಒಂದಕ್ಷರವೂ ಬಾರದ ಜನ ಕೂಡ ಇಂಟರ್ನೆಟ್ಟಿನಲ್ಲಿ ‘ಠ_ಠ’ ಅಂತ ಹಾಕಿ ಮುಖ ಗಂಟಿಕ್ಕೋದನ್ನು ನೀವು ನೋಡಿರ್ತೀರಿ. ಠಕಾರದ ತಲೆ ಮೇಲಿನ ಗೆರೆ ರೆಪ್ಪೆ ಹಾಗೆ ಕೂತು ಆ ಗುರಾಯಿಸುವ ಭಾವ ಬರುತ್ತೆ. ಮಕ್ಕಳಿಗೆ ವರ್ಣಮಾಲೆ ಗೊತ್ತಿರೋದರಿಂದ ಸಲೀಸು. ಆಮೇಲೆ ಒಂದೇ ತಿದ್ದುಪಡಿ. ಹಗಲು ಬೆಳಕಲ್ಲಿ ಬೆಕ್ಕಿನ ಪಾಪೆ ಚುಕ್ಕಿ ಆಗಿರಲ್ಲ, ನಿಂತ ಗೆರೆ ಆಗಿರುತ್ತೆ. ಕತ್ತಲಾದ ಹಾಗೆ ದುಂಡಗಾಗುತ್ತೆ. “ಹಾಗಾದ್ರೆ ನಂದು ರಾತ್ರಿ ಬೆಕ್ಕು ಅಕ್ಕಾ” ಅಂತ ಒಬ್ಬಳು ಚುಕ್ಕಿಯನ್ನು ದೊಡ್ಡದು ಮಾಡಿ, ಪಕ್ಕದಲ್ಲಿ ಚಂದ್ರನನ್ನೂ ಬರೆದಳು.

ಅತಿ ಕಷ್ಟದ್ದು ನಡೆಯುವ ಬೆಕ್ಕಿನ ಹಿಂಗಾಲು. ಎದೆಗೊಂದು ವೃತ್ತ, ಸೊಂಟಕ್ಕೊಂದು ವೃತ್ತ, ಎರಡನ್ನೂ ಸೇರಿಸಿದರೆ ಮೈ ಆಗುತ್ತೆ. ಕಾಲು ಮಾತ್ರ ಟೇಬಲ್ ಕಾಲೇ ಆಗ್ತಿತ್ತು. ಹಿಂದಕ್ಕೆ ಮಡಚಿಕೊಂಡ ಹಾಗೆ ಕಾಣೋದು ಮೊಣಕಾಲು ಅಂತ ನಾವೇ ಅಂದ್ಕೊಂಡಿದ್ವಿ. ಅದು ಹಿಮ್ಮಡಿ! ಬೆಕ್ಕು ನಡೆಯೋದು ಬೆರಳುಗಳ ಮೇಲೆ, ಮೊಣಕಾಲು ಇರೋದು ಮೇಲೆ, ಹೊಟ್ಟೆಯ ಹತ್ತಿರ. ಇದನ್ನು ಬೋರ್ಡ್ ಮೇಲೆ ವಿವರಿಸೋಕೆ ಹೋಗಿ ಸೋತ್ವಿ. ಕೊನೆಗೆ ಎಲ್ಲರನ್ನೂ ಎದ್ದು ನಿಲ್ಲಿಸಿ, ತುದಿಗಾಲಲ್ಲಿ ಮಂಡಿ ಬಗ್ಗಿಸಿ ನಡೆಯೋಕೆ ಹೇಳಿದ್ವಿ. ಕ್ಲಾಸಿನ ತುಂಬಾ ಗಲಾಟೆ, ಪಕ್ಕದ ರೂಮಿನ ಮಿಸ್ ಬಂದು ಇಣುಕಿ ನೋಡಿದ್ರು. ಆದರೆ ಅವತ್ತಿನ ಹಾಳೆಗಳಲ್ಲಿ ಹಿಂಗಾಲು ‘ಝಡ್’ ಆಕಾರಕ್ಕೆ ಬಂದಿತ್ತು.

ಇಷ್ಟಾದ ಮೇಲೂ ಎಲ್ಲರ ಬೆಕ್ಕೂ ಚೆನ್ನಾಗಿ ಬರುತ್ತೆ ಅಂತೇನಿಲ್ಲ. ಕೆಲವರದು ಹಂದಿ, ಒಬ್ಬನದು ಖಂಡಿತ ಮೊಲ. ನಾವು ಕಾಯ್ತಿರೋದು ಬೇರೆ ಅಪಾಯದ ಮೇಲೆ. ಐದನೇ ಕ್ಲಾಸಿನ ಹತ್ತಿರ ಬಂದ ಮಕ್ಕಳಲ್ಲಿ ಕೆಲವರು ಪೆನ್ಸಿಲ್ ಹಿಡಿಯೋಕೂ ಮೊದಲೇ “ನಂಗೆ ಡ್ರಾಯಿಂಗ್ ಬರಲ್ಲ” ಅಂತಾರೆ. ಈ ವಾಕ್ಯ ನಮ್ಮ ಹಾಸ್ಟೆಲಲ್ಲೂ ವಾರಕ್ಕೆ ನಾಲ್ಕು ಸಲ ಕೇಳಿಸುತ್ತೆ, ಯಾರೋ ಯಾವತ್ತೋ ರಬ್ಬರ್ ಕೊಟ್ಟದ್ದರ ಫಲ ಇರಬಹುದು. ಅಂಥವರಿಗೆ ಆಕಾರ ದೊಡ್ಡ ಆಸರೆ. ‘ಬೆಕ್ಕು ಬರಲ್ಲ’ ಅನ್ನೋರಿಗೂ ಮುದ್ದೆ ಬರುತ್ತೆ. ಮುದ್ದೆಯಿಂದ ಶುರು ಮಾಡಿದ ಕೈ ತನ್ನಷ್ಟಕ್ಕೆ ಮುಂದೆ ಹೋಗುತ್ತೆ.

ಎರಡನೇ ಸಾಲಿನ ಹುಡುಗ “ಸರಿ ಇದ್ಯಾ” ಕೇಳೋದನ್ನು ಪೂರ್ತಿ ಬಿಟ್ಟಿಲ್ಲ. ಅವನು ಕೇಳಿದಾಗ ನಾವು ಉತ್ತರ ಹೇಳಲ್ಲ, “ಬೆಕ್ಕನ್ನೇ ಕೇಳು” ಅಂತೀವಿ. ಎದ್ದು ಅಡುಗೆ ಕೋಣೆ ಹಿಂದೆ ಹೋಗಿ ನೋಡ್ಕೊಂಡು ಬರ್ತಾನೆ. ಬೂದು ಬೆಕ್ಕು ಮರಿ ಹಾಕಿದೆ, ಎರಡು, ಮೂರಲ್ಲ. ಅವನ ಹೊಸ ಚಿತ್ರದಲ್ಲಿ ಮರಿಗಳು ಹೊರಗಿವೆ, ಎರಡೇ ಇವೆ, ಎರಡರ ತಲೆಯೂ ಮೈಗಿಂತ ದೊಡ್ಡದಾಗಿ ಕಾಣೋ ಹಾಗಿದೆ. ಮರಿಗಳಿಗೆ ತಲೆ ದೊಡ್ಡದು ಅಂತ ನಾವ್ಯಾರೂ ಹೇಳಿಕೊಟ್ಟಿರಲಿಲ್ಲ.

ಹೋದ ವಾರ ಕ್ಲಾಸು ಮುಗಿಯೋ ಹೊತ್ತಿಗೆ ಒಬ್ಬಳು ಕೇಳಿದಳು, “ಅಕ್ಕಾ, ಎಮ್ಮೆ ಕೊಂಬು ಯಾವ ಆಕಾರ?” ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಈ ಶನಿವಾರ ಅವಳ ಮನೆಯ ಕೊಟ್ಟಿಗೆಗೆ ಹೋಗೋದು ಅಂತ ಆಗಿದೆ. ಬರೋರು ಹಾಳೆ, ಪೆನ್ಸಿಲ್ ತನ್ನಿ.