ಮುಸ್ಸಂಜೆಯ ಬೆಳಕು ಮತ್ತು ರೈಫಲಿನ ದೂರದರ್ಶಕ

ಜರ್ಮನಿಯ ಒಂದು ಕಾಡಂಚಿನ ಹೊಲ. ಸೂರ್ಯ ಮುಳುಗಿ ಗಂಟೆಯಾಗಿದೆ. ಮರದ ಅಟ್ಟಣೆಯ ಮೇಲೆ ಕುಳಿತ ಬೇಟೆಗಾರನಿಗೆ 120 ಮೀಟರ್ ದೂರದಲ್ಲಿ ಒಂದು ಕಪ್ಪು ಆಕೃತಿ ಅಲುಗಾಡಿದಂತೆ ಕಾಣುತ್ತದೆ. ಅದು ಬೆಳೆ ಹಾಳುಮಾಡುವ ಗಂಡು ಹಂದಿಯೆ? ಮರಿಗಳಿರುವ ತಾಯಿಯೆ? ಅಥವಾ ಹಾದಿ ತಪ್ಪಿ ಬಂದ ಮನುಷ್ಯನೆ? ಇದು ಖಚಿತವಾಗದೆ ಕುದುರೆಯ ಮೇಲೆ ಬೆರಳಿಡುವಂತಿಲ್ಲ. ತಪ್ಪಿದರೆ ಒಂದು ಜೀವ ನರಳುತ್ತದೆ, ಇಲ್ಲವೆ ಮನುಷ್ಯನೇ ಸಾಯುತ್ತಾನೆ. ಆದ್ದರಿಂದಲೇ ರೈಫಲಿಗಿಂತ ಹೆಚ್ಚು ಹಣವನ್ನು ಅದರ ಮೇಲಿನ ದೂರದರ್ಶಕಕ್ಕೆ ಕೊಡುವವರು ಅಲ್ಲಿ ಅಪರೂಪವಲ್ಲ.

ಜರ್ಮನಿಯ ಕಾನೂನಿನಂತೆ ಜಿಂಕೆಗಳನ್ನು ಸೂರ್ಯಾಸ್ತದ ಒಂದೂವರೆ ಗಂಟೆಯ ನಂತರ ಬೇಟೆಯಾಡುವಂತಿಲ್ಲ. ಕಾಡುಹಂದಿಗೆ ಈ ನಿರ್ಬಂಧವಿಲ್ಲ. ಹೀಗಾಗಿ ಜರ್ಮನಿಯ ಝೈಸ್, ಷ್ಮಿಟ್ ಅಂಡ್ ಬೆಂಡರ್, ಆಸ್ಟ್ರಿಯದ ಕಾಲೆಸ್ (ಸ್ಥಾಪನೆ 1898), ಸ್ವರೋವ್‌ಸ್ಕಿ ಆಪ್ಟಿಕ್ (1949) ಕಂಪನಿಗಳೆಲ್ಲ ಮಬ್ಬುಬೆಳಕಿಗೆ ಹೊಂದುವ ಉಪಕರಣಗಳಲ್ಲಿ ಪೈಪೋಟಿ ನಡೆಸುತ್ತ ಬಂದಿವೆ. ಇವುಗಳಲ್ಲಿ ಯಾವುದು ಮೇಲು? ಉತ್ತರ ಹುಡುಕಲು ಕೊಂಚ ಬೆಳಕಿನ ವಿಜ್ಞಾನ ಬೇಕು.

ಎರಡು ಅಂಕಿಗಳ ಅರ್ಥ

ದೂರದರ್ಶಕದ ಮೇಲೆ 8×56 ಎಂದು ಬರೆದಿರುತ್ತದೆ ಎನ್ನೋಣ. 8 ಎಂದರೆ ವರ್ಧನ. 120 ಮೀಟರ್ ದೂರದ ಹಂದಿ 15 ಮೀಟರ್ ಹತ್ತಿರದಲ್ಲಿ ನಿಂತಷ್ಟು ದೊಡ್ಡದಾಗಿ ಕಾಣುತ್ತದೆ. 56 ಎಂದರೆ ಮುಂದಿನ ವಸ್ತುಕ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಬರುವ 7 ಮಿ.ಮೀ., ನೇತ್ರಕದಿಂದ ಹೊರಬೀಳುವ ಬೆಳಕಿನ ಬಿಲ್ಲೆಯ ವ್ಯಾಸ. ಕಣ್ಣಿನ ಪಾಪೆ ಕತ್ತಲಲ್ಲಿ ಎಷ್ಟು ಅಗಲವಾಗಿ ತೆರೆಯುತ್ತದೋ ಅಷ್ಟು ಬೆಳಕು ಮಾತ್ರ ಒಳಗೆ ಹೋಗಲು ಸಾಧ್ಯ.

ಇಪ್ಪತ್ತರ ತರುಣನ ಪಾಪೆ ಕತ್ತಲಲ್ಲಿ ಸುಮಾರು 7 ಮಿ.ಮೀ. ತೆರೆದುಕೊಂಡೀತು. ಅರವತ್ತು ದಾಟಿದವರಲ್ಲಿ ಅದು ಅನೇಕ ವೇಳೆ 5 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ. ಈಗ 8×42 ಮತ್ತು 8×56 ಎರಡನ್ನೂ ಹೋಲಿಸಿ. ಮೊದಲನೆಯದರ ಬಿಲ್ಲೆ 5.25 ಮಿ.ಮೀ., ಎರಡನೆಯದರದು 7 ಮಿ.ಮೀ. ತರುಣನಿಗೆ ಎರಡನೆಯದು ಸುಮಾರು 1.8 ಪಟ್ಟು ಬೆಳಕು ಕೊಡುತ್ತದೆ. ಆದರೆ ಹಿರಿಯನಿಗೆ ಆ ಹೆಚ್ಚಿನ ಬೆಳಕು ಪಾಪೆಯ ಅಂಚಿಗೆ ಬಡಿದು ವ್ಯರ್ಥವಾಗುತ್ತದೆ. ದೊಡ್ಡ ಮಸೂರದಿಂದ ಅವನಿಗೆ ಸಿಗುವ ಲಾಭ ಬೇರೆ ಬಗೆಯದು: ಬಿಂಬ ಮಂಕಾಗದಂತೆ ಅವನು ವರ್ಧನವನ್ನು 11ರವರೆಗೆ ಏರಿಸಬಹುದು. 42 ಮಿ.ಮೀ. ಮಸೂರದಲ್ಲಿ 8 ದಾಟಿದರೆ ಮಬ್ಬು ಶುರು.

ಲೇಪದ ಮಹಿಮೆ

ಗಾಜಿನ ಮೇಲೆ ಬೆಳಕು ಬಿದ್ದಾಗ ಪ್ರತಿ ಮೇಲ್ಮೈಯಲ್ಲೂ ಸುಮಾರು ಶೇ. 4ರಷ್ಟು ಪ್ರತಿಫಲಿಸಿ ಹಿಂದಿರುಗುತ್ತದೆ. ಅಂಥ ಹತ್ತು ಮೇಲ್ಮೈ ದಾಟುವಾಗ ಉಳಿಯುವುದು ಸುಮಾರು ಶೇ. 66 ಮಾತ್ರ. ಕಳೆದುಹೋದ ಬೆಳಕಿನ ಒಂದು ಪಾಲು ನಳಿಗೆಯೊಳಗೇ ಅಲೆದಾಡಿ ಬಿಂಬವನ್ನು ಬಿಳುಚಾಗಿಸುತ್ತದೆ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲ ಇದಕ್ಕೆ ಪರಿಹಾರ ಕಂಡುಹಿಡಿದರು. ಮಸೂರದ ಮೇಲೆ ಬೆಳಕಿನ ಅಲೆಯುದ್ದದ ಕಾಲುಭಾಗದಷ್ಟು ತೆಳುವಾದ ಲೇಪ ಹಚ್ಚಿದರೆ, ಲೇಪದ ಎರಡು ಮುಖಗಳಿಂದ ಹಿಂದಿರುಗುವ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಇಂದಿನ ಬಹುಪದರ ಲೇಪಗಳಲ್ಲಿ ಪ್ರತಿ ಮೇಲ್ಮೈಯ ನಷ್ಟ ಶೇ. 0.5ಕ್ಕೂ ಇಳಿಯುತ್ತದೆ. ಆಗ ಹತ್ತು ಮೇಲ್ಮೈ ದಾಟಿದರೂ ಶೇ. 95 ಉಳಿಯುತ್ತದೆ. ನೀವೇ ಲೆಕ್ಕ ಹಾಕಿ ನೋಡಿ.

ಶೇಕಡ ಮೂರರ ಪೈಪೋಟಿ

ಷ್ಮಿಟ್ ಅಂಡ್ ಬೆಂಡರ್ ತನ್ನ ಪೋಲಾರ್ ಟಿ96 ಮಾದರಿ ಶೇ. 96ರಷ್ಟು ಬೆಳಕನ್ನು ದಾಟಿಸುತ್ತದೆ ಎನ್ನುತ್ತದೆ. ಸ್ವರೋವ್‌ಸ್ಕಿಯ ಝಡ್8ಐ 2.3-18×56 ಮಾದರಿಗೆ ಕಂಪನಿ ಹೇಳುವ ಅಂಕಿ ಶೇ. 93. ಹಾಗಾದರೆ ಮೊದಲನೆಯದೇ ಗೆದ್ದಿತೆ? ಅವಸರ ಬೇಡ. ಪೋಲಾರಿನಲ್ಲಿ ಕನಿಷ್ಠ ವರ್ಧನವನ್ನು ನಾಲ್ಕು ಪಟ್ಟು ಏರಿಸಬಹುದು. ಝಡ್8ಐನಲ್ಲಿ ಎಂಟು ಪಟ್ಟು. ಈ ವಿಸ್ತಾರಕ್ಕೆ ಹೆಚ್ಚು ಜಟಿಲವಾದ ಮಸೂರ ವ್ಯವಸ್ಥೆ ಬೇಕು, ಅದಕ್ಕೆ ಕೊಂಚ ಬೆಳಕನ್ನು ತೆರಲೇಬೇಕು. ಶೇ. 3ರ ವ್ಯತ್ಯಾಸವನ್ನು ಕಣ್ಣು ಗುರುತಿಸುವುದು ಬಲು ಕಷ್ಟ. ಅಟ್ಟಣೆಯಲ್ಲಿ ಕುಳಿತು ಕಾಯುವವನಿಗೆ ಪೋಲಾರ್ ಒಪ್ಪೀತು. ಹಗಲಲ್ಲಿ ಪೊದೆಯಿಂದ ನುಗ್ಗುವ ಹಂದಿಯನ್ನೂ ಸಂಜೆ ದೂರದ ಜಿಂಕೆಯನ್ನೂ ಒಂದೇ ಉಪಕರಣದಲ್ಲಿ ನೋಡಬೇಕಾದವನಿಗೆ ಝಡ್8ಐ ಅನುಕೂಲ.

ಅಂಕಿಗಳಲ್ಲಿ ಕಾಣದ ಗುಣಗಳೂ ಇವೆ. ಗುರಿಗೆರೆಯನ್ನು ಮೊದಲ ನಾಭಿತಲದಲ್ಲಿ ಇರಿಸಿದರೆ ವರ್ಧನ ಏರಿದಂತೆ ಬಿಂಬದೊಂದಿಗೆ ಗೆರೆಯೂ ದಪ್ಪವಾಗುತ್ತದೆ. ಎರಡನೆಯ ತಲದಲ್ಲಿಟ್ಟರೆ ಗೆರೆ ಒಂದೇ ದಪ್ಪವಿದ್ದು ಗುರಿಯನ್ನು ಮರೆಮಾಡುವುದು ಕಡಿಮೆ. ಆದರೆ ಅದರಿಂದ ದೂರ ಅಳೆಯುವಾಗ ವರ್ಧನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೇತ್ರಕದಿಂದ ಕಣ್ಣಿಗೆ ಸುಮಾರು 9 ಸೆಂ.ಮೀ. ಅಂತರವಿರಬೇಕು. ಇಲ್ಲದಿದ್ದರೆ ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದ್ದು ಹುಬ್ಬು ಸೀಳೀತು!

ನಮಗೇನು ಪ್ರಯೋಜನ?

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಆದರೆ ರಂಗನತಿಟ್ಟಿನಲ್ಲಿ ನಸುಕಿಗೇ ಹಕ್ಕಿ ನೋಡಲು ಹೊರಡುವ ನಿಮ್ಮ ಬೈನಾಕ್ಯುಲರಿಗೂ ಇದೇ ಲೆಕ್ಕ. ಅದನ್ನು ತೋಳಿನಳತೆ ದೂರ ಹಿಡಿದು ಬೆಳಗಿರುವ ಗೋಡೆಯ ಕಡೆಗೆ ತಿರುಗಿಸಿ. ಸೂರ್ಯನತ್ತ ಮಾತ್ರ ಎಂದಿಗೂ ಬೇಡ. ನೇತ್ರಕದಲ್ಲಿ ಕಾಣುವ ಬೆಳಕಿನ ಬಿಲ್ಲೆಯನ್ನು ಅಳತೆಪಟ್ಟಿಯಿಂದ ಅಳೆಯಿರಿ. 8×42ರಲ್ಲಿ ಅದು ಸುಮಾರು 5 ಮಿ.ಮೀ., ಜೇಬಿನ 10×25ರಲ್ಲಿ 2.5 ಮಿ.ಮೀ. ಮಾತ್ರ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಬೈನಾಕ್ಯುಲರ್ ಮುಂಜಾವಿನಲ್ಲಿ ಏಕೆ ಸೋಲುತ್ತದೆ ಎಂಬುದು ಈಗ ನಿಮಗೆ ತಿಳಿಯಿತಲ್ಲವೆ? ಕೊಳ್ಳುವ ಮುನ್ನ ಬೆಲೆಪಟ್ಟಿಯ ಜೊತೆಗೆ ನಿಮ್ಮ ಕಣ್ಣಿನ ವಯಸ್ಸನ್ನೂ ನೋಡಿಕೊಳ್ಳಿ.