ಪಿನ್ ಕೂತರೆ ಸಾಲದು, ವೋಲ್ಟೇಜೂ ಕೂರಬೇಕು

ಆಷಾಢದ ಮಳೆ ಹಿಡೀತು ಅಂದರೆ ಮೂಡಿಗೆರೆ, ಕಳಸದ ಕಡೆ ಕರೆಂಟ್ ಯಾವಾಗ ಬರುತ್ತೆ ಅಂತ ಕೇಳುವುದೇ ದಂಡ. ಲೈನಿನ ಮೇಲೆ ಸಿಲ್ವರ್ ಮರದ ಕೊಂಬೆ ಬಿದ್ದರೆ ಆ ದಿನ ಕತ್ತಲೆಯೇ. ತೋಟದ ಮನೆಯಿಂದ ಆಫೀಸ್ ಕೆಲಸ ಮಾಡುವ ನನ್ನಂಥವರಿಗೆ ಆಗ 12 ವೋಲ್ಟಿನ ಬ್ಯಾಟರಿಯೇ ಗತಿ. ರೂಟರನ್ನು ಅದಕ್ಕೆ ಜೋಡಿಸುವ ಮೊದಲು ಒಂದು ಮಲ್ಟಿಮೀಟರ್ ಕೊಳ್ಳಿ.

"ಪಿನ್ ಕೂತ್ರೆ ಸಾಕಲ್ವೇನೋ?" ಅಂತಾರೆ ನಮ್ಮ ಚಿಕ್ಕಪ್ಪ. ಸಾಲದು. ರೂಟರಿನ ತಳದ ಚೀಟಿಯಲ್ಲಿ 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಮಾತ್ರ ಹೆಚ್ಚಿದ್ದರೂ ನಡೆಯುತ್ತೆ. ರೂಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತೆ. 9 ವೋಲ್ಟಿನದಕ್ಕೆ 12 ಕೊಟ್ಟರೆ ಸುಟ್ಟುಹೋಗಬಹುದು. ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಎಂಬ ಪುಟ್ಟ ಚಿತ್ರವೂ ಚೀಟಿಯಲ್ಲಿರುತ್ತೆ. ಮೀಟರನ್ನು ಡಿಸಿ 20ಕ್ಕೆ ಇಟ್ಟು ಕೆಂಪು ಕಡ್ಡಿ ಒಳಗೆ, ಕಪ್ಪು ಹೊರಗೆ ಮುಟ್ಟಿಸಿ. ಮೈನಸ್ ಚಿಹ್ನೆ ಬಂದರೆ ಒಳಭಾಗ ಮೈನಸ್ ಎಂದರ್ಥ.

12 ವೋಲ್ಟ್ ಎಂಬುದೂ ಹೆಸರಿಗಷ್ಟೇ. ಲೆಡ್ ಆಸಿಡ್ ಬ್ಯಾಟರಿ ತುಂಬಿದಾಗ ಸುಮಾರು 12.7, ಚಾರ್ಜ್ ಆಗುವಾಗ 14ನ್ನೂ ದಾಟಬಹುದು. ಹಾಗಾಗಿ ನಡುವೆ 12 ವೋಲ್ಟಿನ ರೆಗ್ಯುಲೇಟರ್, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್ ಇರಲಿ. ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿದು ವೈರ್ ಹೊತ್ತಿಕೊಳ್ಳುತ್ತೆ. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿನಲ್ಲೇ ಬಿಟ್ಟು ವೋಲ್ಟ್ ಅಳೆಯಲು ಹೋದರೂ ಅದೇ ಕಥೆ.

ಫ್ಯೂಸ್, ರೆಸಿಸ್ಟರ್ ಅಳೆಯುವುದು ಪವರ್ ತೆಗೆದ ಮೇಲೆ ಮಾತ್ರ. ಅಡಾಪ್ಟರನ್ನಂತೂ ಬಿಚ್ಚಲೇಬೇಡಿ. 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿಯಾಗಿ ಕೆಪಾಸಿಟರಿನಲ್ಲಿ ಕೂತಿರುತ್ತೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಇವೆಲ್ಲಕ್ಕಿಂತ ದೊಡ್ಡದು ಜನರೇಟರಿನ ಮಾತು. ಎರಡೂ ತುದಿಗೆ ಪ್ಲಗ್ ಹಾಕಿದ ವೈರಿನಿಂದ ಜನರೇಟರನ್ನು ಮನೆಯ ಸಾಕೆಟ್ಟಿಗೆ ಕೊಡುವವರಿದ್ದಾರೆ. ಮೇನ್ ಸ್ವಿಚ್ ಆರಿಸಲು ಮರೆತರೆ ಆ ಕರೆಂಟ್ ಹೊರಗಿನ ಲೈನಿಗೂ ಹೋಗುತ್ತೆ. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತೆ: 11,000 ವೋಲ್ಟನ್ನು ಇಳಿಸುವ ಅದೇ ಪೆಟ್ಟಿಗೆ ನಿಮ್ಮ 230ನ್ನು ಸಾವಿರಾರು ವೋಲ್ಟಿಗೆ ಏರಿಸಬಲ್ಲದು. ಆ ಮಳೆಯಲ್ಲಿ, ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿರುವ ಲೈನ್‌ಮ್ಯಾನ್ ಜೀವಕ್ಕೇ ಅದು ಕುತ್ತು.

ಪರಿಹಾರ ಚೇಂಜ್‌ಓವರ್ ಸ್ವಿಚ್. ಲೈನ್ ಅಥವಾ ಜನರೇಟರ್, ಒಂದು ಸಲಕ್ಕೆ ಒಂದೇ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ. ಈ ವಾರ ಊರಿಗೆ ಹೋದರೆ ಜನರೇಟರಿನ ವೈರ್ ಎಲ್ಲಿಗೆ ಹೋಗಿದೆ ಅಂತ ಒಮ್ಮೆ ನೋಡ್ಕೊಂಡು ಬನ್ನಿ.